ಡಿಸ್ಕ್ ಬಂತು, ಕೀಲಿಕೈ ಹಳೇ ಮನೆಯಲ್ಲೇ ಉಳಿಯಿತು

ಶನಿವಾರ ರಾತ್ರಿ ಒಂಬತ್ತೂವರೆ. ಲಿಂಗಂಪಲ್ಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಹೊಸ ಡೆಸ್ಕ್‌ಟಾಪ್ ಹೊಟ್ಟೆ ತೆರೆದುಕೊಂಡು ಕೂತಿತ್ತು. ಅಪ್ಪನ ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಎಸ್‌ಎಸ್‌ಡಿಯನ್ನು ಅದರೊಳಗೆ ಕೂರಿಸಿ ಗುಂಡಿ ಒತ್ತಿದ್ದೆ. ಫ್ಯಾನ್ ತಿರುಗಿತು, ಪರದೆ ಬೆಳಗಿತು. ಹೆಂಡತಿ ಹಿಡಿದಿದ್ದ ಮೊಬೈಲ್ ಟಾರ್ಚ್ ಆರಿಸಿ, "ಮುಗೀತಲ್ಲ, ಊಟಕ್ಕೆ ಏಳಿ" ಅಂದಳು. ಅಷ್ಟರಲ್ಲಿ ಪರದೆ ನೀಲಿಯಾಯಿತು. ಬಿಟ್‌ಲಾಕರ್ ರಿಕವರಿ. ಈ ಡ್ರೈವಿನ 48 ಅಂಕಿಯ ಕೀಲಿ ಹಾಕಿ.

"ಏನ್ ಕೇಳ್ಲತದ ಅದು?" ಅಂದರು ಅಪ್ಪ, ಕನ್ನಡಕ ಮೇಲೇರಿಸಿ.

"ಕೀಲಿ ಕೇಳ್ಲತದ."

"ಕೊಡು ಹಂಗಾರ."

ಕೊಡೋಕೆ ನನ್ನ ಹತ್ತಿರ ಇರಲಿಲ್ಲ. ಅಪ್ಪನ ಹತ್ತಿರವೂ ಇರಲಿಲ್ಲ. ಅಂಥದ್ದೊಂದು ಕೀಲಿ ಇದೆ ಅನ್ನೋದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಐಟಿಯಲ್ಲಿ ದುಡಿಯುತ್ತಿರುವವನು ಹೀಗೆ ಬರೆಯೋದಕ್ಕೆ ನಾಚಿಕೆಯಾಗಬೇಕು. ಆಗುತ್ತಿದೆ ಕೂಡ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇನ್ನಿಬ್ಬರು ಇದೇ ಗುಂಡಿಗೆ ಬಿದ್ದಿದ್ದಾರೆ ಎಂದು ಆಮೇಲೆ ತಿಳಿಯಿತು. ಅದಕ್ಕೇ ಈ ಬರಹ.

ಮೊದಲು ಡೆಸ್ಕ್‌ಟಾಪ್ ಯಾಕೆ ಬೇಕಾಯಿತು ಹೇಳುತ್ತೇನೆ. ಅಪ್ಪ ಹುಮನಾಬಾದಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಮ್ಮ ಮನೆಯಿಂದ ಮುಂಬೈ ಹೆದ್ದಾರಿಗೆ ಬಂದು ಬಲಕ್ಕೂ ಎಡಕ್ಕೂ ತಿರುಗದೆ ಪಡುವಣಕ್ಕೆ ನೆಟ್ಟಗೆ ಹೋದರೆ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಅವರ ಊರೇ ಸಿಗುತ್ತದೆ. ಅಮ್ಮ ಹೋದ ಮೇಲೆ ಇಲ್ಲಿಗೆ ಕರೆತಂದೆ. ಬರುವಾಗ ಅವರು ತಂದದ್ದು ಎರಡು ಟ್ರಂಕು, ಒಂದು ಲ್ಯಾಪ್‌ಟಾಪ್. ಆ ಲ್ಯಾಪ್‌ಟಾಪಿನಲ್ಲಿ ಅವರು ನಮ್ಮ ಕಡೆಯ ಮಾತುಗಳನ್ನು ಕೂಡಿಸುತ್ತಾರೆ. ಕೂರಿಗಿ, ಕುಂಟಿ, ಎಡಿಕುಂಟಿ, ಮಿಣಿ; ಎಳ್ಳಮಾಸಿ ದಿನ ಹೊಲಕ್ಕೆ ಒಯ್ಯುವ ಭಜ್ಜಿಗೆ ಬೀಳುವ ಕಾಳು, ಸೊಪ್ಪಿನ ಹೆಸರುಗಳು; ಉರ್ದು, ಮರಾಠಿ, ತೆಲುಗು ಮೂರೂ ಬಂದು ಕೂಡಿದ ನಮ್ಮ ಸಂತೆಯ ಮಾತುಗಳು. ಸಾಲಿ ಮಕ್ಕಳಿಂದ ಬರೆಸಿಕೊಂಡ ಚೀಟಿಗಳಿಂದ ಶುರುವಾದದ್ದು ಈಗ ಮೂರು ಸಾವಿರ ದಾಟಿದೆ. ಒಂದೊಂದು ಪದಕ್ಕೂ ಯಾರು ಹೇಳಿದರು, ಯಾವ ಊರು, ಯಾವ ಮಾತಿನಲ್ಲಿ ಬಳಸಿದರು ಎಂಬ ಟಿಪ್ಪಣಿ ಇದೆ. ಹೇಳಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ.

ಇದೆಲ್ಲ ನುಡಿಯಲ್ಲಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ಹಳೆಯ ನುಡಿ, ಯೂನಿಕೋಡ್ ಅಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಮೇಲೆ ನಿಂತ ಆ ಟೈಪಿಂಗು ಅಪ್ಪನ ಬೆರಳಿಗೆ ಕೂತುಬಿಟ್ಟಿದೆ. ನುಡಿಯ ಹಳೇ ಫೈಲನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು: ಇಂಗ್ಲಿಷ್ ಅಕ್ಷರಕ್ಕೆ ಮೇಲೊಂದು ಟೋಪಿ, ಕೆಳಗೊಂದು ಬಾಲ ಬಂದು ಪುಟ ತುಂಬ ಕಸ ಕಾಣುತ್ತದೆ. ಒಳಗೆ ಕೂತಿರುವುದು ಇಂಗ್ಲಿಷಿನ ಸಂಕೇತಗಳೇ. ಕನ್ನಡವಾಗಿ ತೋರಿಸೋದು ಫಾಂಟಿನ ಕೆಲಸ.

ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಮುಚ್ಚಳದ ಕೀಲು ಮುರಿದು ಪುಸ್ತಕ ಒರಗಿಸಿ ನಿಲ್ಲಿಸುತ್ತಿದ್ದರು. ಚಾರ್ಜರ್ ಸಿಕ್ಕಿಸುವ ತೂತು ಸಡಿಲವಾಗಿತ್ತು. ಒಂದು ದಿನ ಟಚ್‌ಪ್ಯಾಡ್ ಮೇಲೆದ್ದು ಬಂತು. ಬಿಚ್ಚಿ ನೋಡಿದರೆ ಬ್ಯಾಟರಿ ಉಬ್ಬಿ ಹಪ್ಪಳವಾಗಿದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮನೆಯ ಕಸದ ಬುಟ್ಟಿಗೂ ಹಾಕಬಾರದು, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಬೇಕು. ಅದನ್ನು ಕೊಟ್ಟು ಬಂದೆ. ಅಪ್ಪನಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ದೊಡ್ಡ ಪರದೆ ಇದ್ದರೆ ಒಳ್ಳೆಯದೆಂದು ಡೆಸ್ಕ್‌ಟಾಪ್ ಕಟ್ಟಿಸುವುದೆಂದಾಯಿತು.

ಹೈದರಾಬಾದಿನಲ್ಲಿ ಕಂಪ್ಯೂಟರಿನ ಬಿಡಿಭಾಗ ಎಂದರೆ ಸಿಕಂದರಾಬಾದಿನ ಪಾರ್ಕ್‌ಲೇನ್, ಅಲ್ಲಿನ ಚೆನಾಯ್ ಟ್ರೇಡ್ ಸೆಂಟರ್. ಸಿಟಿಸಿ ಎಂದರೆ ಆಟೋದವರಿಗೂ ಗೊತ್ತು. ಲಿಂಗಂಪಲ್ಲಿಯಿಂದ ಎಂಎಂಟಿಎಸ್ ಹತ್ತಿ ಹೋದೆ. 2003ರಿಂದ ಓಡುತ್ತಿರುವ ಈ ಲೋಕಲ್ ರೈಲು ಇಲ್ಲದಿದ್ದರೆ ಊರಿನ ಈ ತುದಿಯವರಾದ ನಾವು ಆ ತುದಿಯನ್ನು ಮರೆತೇ ಬಿಡುತ್ತಿದ್ದೆವು. ಬೋರ್ಡು, ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್, ಮಾನಿಟರ್ ಎಲ್ಲ ತೆಗೆದುಕೊಂಡೆ. "ಎಸ್‌ಎಸ್‌ಡಿ?" ಅಂದರು ಅಂಗಡಿಯವರು. ಬೇಡ, ಮನೆಯಲ್ಲಿದೆ ಅಂದೆ. ದುಡ್ಡು ಉಳಿಸುವ ಆಸೆ ಅಷ್ಟೇ ಅಲ್ಲ. ಡಿಸ್ಕನ್ನೇ ಎತ್ತಿ ಇಟ್ಟರೆ ನುಡಿ, ಅದರ ಫಾಂಟುಗಳು, ಅಪ್ಪನ ಡೆಸ್ಕ್‌ಟಾಪಿನ ಮೇಲೆ ಅವರಿಗೆ ಗೊತ್ತಿರುವ ಜಾಗದಲ್ಲೇ ಇರುವ ಫೋಲ್ಡರುಗಳು ಎಲ್ಲ ಇದ್ದಂತೆಯೇ ಬರುತ್ತವೆ. ಎಪ್ಪತ್ತೆರಡರ ಮನುಷ್ಯನಿಗೆ ಹೊಸದನ್ನು ಕಲಿಸುವ ಕಷ್ಟ ತಪ್ಪುತ್ತದೆ.

ಕೈಕೆಲಸ ನಿಜಕ್ಕೂ ಸುಲಭ. ಹಳೆಯ ಲ್ಯಾಪ್‌ಟಾಪಾಗಿದ್ದರೆ ಎರಡೂವರೆ ಇಂಚಿನ, ಇಸ್ಪೀಟಿನ ಕಟ್ಟಿನಂಥ ಎಸ್‌ಎಸ್‌ಡಿ ಇರುತ್ತದೆ. ಡೆಸ್ಕ್‌ಟಾಪಿನಲ್ಲಿ ಅದಕ್ಕೊಂದು ಸಾಟಾ ಕೇಬಲ್, ಒಂದು ಪವರ್ ಕೇಬಲ್ ಸಾಕು. ಈಚಿನವಾದರೆ ಎಂ.2 ಎನ್ನುವ ಪಟ್ಟಿ, 22 ಮಿಲಿಮೀಟರ್ ಅಗಲ, ಹೆಚ್ಚಾಗಿ 80 ಉದ್ದ. ಇಲ್ಲೊಂದು ಮೋಸ ಉಂಟು. ನೋಡಲು ಒಂದೇ ಥರ ಇದ್ದರೂ ಎಂ.2ನಲ್ಲಿ ಸಾಟಾ ಜಾತಿಯದು ಬೇರೆ, ಎನ್‌ವಿಎಂಇ ಜಾತಿಯದು ಬೇರೆ. ತುದಿಯಲ್ಲಿ ಎರಡು ಕಚ್ಚು ಇದ್ದರೆ ಬಹುಮಟ್ಟಿಗೆ ಸಾಟಾ, ಒಂದೇ ಇದ್ದರೆ ಬಹುಮಟ್ಟಿಗೆ ಎನ್‌ವಿಎಂಇ. ಸ್ಲಾಟಿಗೆ ಹೊಂದಿತು ಎಂದ ಮಾತ್ರಕ್ಕೆ ಬೋರ್ಡು ಅದನ್ನು ಗುರುತಿಸುತ್ತದೆ ಎಂದಲ್ಲ, ಬೋರ್ಡಿನ ಕೈಪಿಡಿ ನೋಡಲೇಬೇಕು. ಹನ್ನೆರಡು ವರ್ಷಕ್ಕಿಂತ ಹಳೆಯ ಡೆಸ್ಕ್‌ಟಾಪುಗಳು ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಆಗುವುದೇ ಇಲ್ಲ. ನಮ್ಮದು ಎನ್‌ವಿಎಂಇ, ಬೋರ್ಡೂ ಹೊಸದು. ಒಂದೇ ಒಂದು ಸಾಸಿವೆಯಂಥ ಸ್ಕ್ರೂ. ಅದು ಮೂರು ಸಲ ಬಿತ್ತು, ಮೂರು ಸಲವೂ ಮಗಳು ಹುಡುಕಿಕೊಟ್ಟಳು.

ಆಮೇಲೆ ಆ ನೀಲಿ ಪರದೆ.

ಇದರ ಒಳಗುಟ್ಟು ಇಷ್ಟು. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ ಶುರುಮಾಡಿದಾಗ ಎಷ್ಟೋ ವೇಳೆ ಡಿಸ್ಕು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಒಳಗಿರುವುದೆಲ್ಲ ಗೂಢಲಿಪಿಯಾಗುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈ ಪದ್ಧತಿ ಇನ್ನಷ್ಟು ಯಂತ್ರಗಳಿಗೆ ಹಬ್ಬಿದೆ. ಬೀಗದ ಕೀಲಿಯನ್ನು ಕಾಯುವುದು ಟಿಪಿಎಂ, ಲ್ಯಾಪ್‌ಟಾಪಿನ ಬೋರ್ಡಿನಲ್ಲೋ ಪ್ರೊಸೆಸರಿನೊಳಗೋ ಕೂತ ಒಂದು ಕಾವಲುಗಾರ. ಪ್ರತಿ ಸಲ ಆನ್ ಮಾಡಿದಾಗ "ಅದೇ ಮನೆ, ಅದೇ ಜನ" ಎಂದು ಖಚಿತಪಡಿಸಿಕೊಂಡು ಸದ್ದಿಲ್ಲದೆ ಬಾಗಿಲು ತೆರೆಯುತ್ತಾನೆ. ಹಾಗಾಗಿ ಬೀಗ ಇದೆ ಎಂಬುದೇ ನಮಗೆ ತಿಳಿಯುವುದಿಲ್ಲ. ಡಿಸ್ಕನ್ನು ಬೇರೆ ಬೋರ್ಡಿಗೆ ಹಾಕಿದಿರೋ, ಅಲ್ಲಿನ ಕಾವಲುಗಾರನಿಗೆ ಈ ಬೀಗದ ಪರಿಚಯವಿಲ್ಲ. ಆಗ 48 ಅಂಕಿ ಕೇಳುತ್ತದೆ. ಆರಾರು ಅಂಕಿಯ ಎಂಟು ಗುಂಪು, ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆ. ತಪ್ಪಿ ಒತ್ತಿದರೆ ಹಿಡಿಯಲೆಂದು ಹಾಗೆ ಮಾಡಿದ್ದಾರೆ. ಊಹಿಸಿ ಹಾಕುವ ಮಾತೇ ಇಲ್ಲ.

ಕೀಲಿಯ ಒಂದು ಪ್ರತಿ ಆ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಾರ ಖಾತೆ? ಅಪ್ಪನಿಗೆ ಕೇಳಿದೆ. ಅವರಿಗೆ ಇಮೇಲೇ ಇಲ್ಲ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗನೇ ಎಲ್ಲ ಮಾಡಿಕೊಟ್ಟು, ನಾಲ್ಕಂಕಿಯ ಪಿನ್ ಹೇಳಿಕೊಟ್ಟು ಕಳಿಸಿದ್ದ. ಅಂದರೆ ತನ್ನದೇ ಖಾತೆ ಹಾಕಿದ್ದ.

"ಆನ್ ಮಾಡಿದ್ರ ಯಾವುದೋ ಹೆಸರು ಬರ್ತಿತ್ತಲ್ಲ ಅಪ್ಪಾ, ಅದು ಯಾರ್ದು ಅಂತ ಕೇಳ್ಲಿಲ್ಲ ನೀವು?"

"ಕಂಪ್ಯೂಟರಿಂದೇ ಹೆಸರು ಅಂತ ತಿಳ್ಕೊಂಡಿದ್ದೆ ತಮ್ಮಾ."

ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಚಾಲ್ತಿಯಲ್ಲಿಲ್ಲ. ಆ ಅಂಗಡಿ ಮುಚ್ಚಿ ವರ್ಷವಾಯಿತು ಎಂದು ಊರಿನ ಗೆಳೆಯನೊಬ್ಬ ಹೇಳಿದ. ಹದಿನಾಲ್ಕು ವರ್ಷದ ಮಾತುಗಳು ಅಪ್ಪನ ಎದುರಿಗೇ, ಸ್ಕ್ರೂಡ್ರೈವರ್ ಪಕ್ಕದಲ್ಲಿ ಇದ್ದವು. ಕೀಲಿ ಮಾತ್ರ ಹೆಸರೂ ನೆಟ್ಟಗೆ ಗೊತ್ತಿಲ್ಲದ ಹುಡುಗನ ಹತ್ತಿರ. ಇನ್ನೊಂದು ಪ್ರತಿ? ಇಲ್ಲ. ಈ ಮನೆಯಿಂದ ಆ ಮನೆಗೆ ಎತ್ತಿಡೋದು ತಾನೇ, ಇದಕ್ಕೆಲ್ಲ ಬ್ಯಾಕಪ್ ಯಾಕೆ ಎಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡು ರೊಟ್ಟಿ ತಿನ್ನುವವರು ಒಂದೇ ತಿಂದು ಎದ್ದರು.

ರಾತ್ರಿ ಹನ್ನೊಂದಕ್ಕೆ, ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ರಾಯಚೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆ: "ಹಳೇ ಲ್ಯಾಪ್‌ಟಾಪ್ ಎಸೆದೀಯೇನು?" ಎಸೆದಿರಲಿಲ್ಲ. "ಹಂಗಾರ ಜೀವ ಅದ. ಡಿಸ್ಕ್ ವಾಪಸ್ ಅದಕ್ಕೇ ಹಾಕು. ಕಾವಲುಗಾರ ಅಲ್ಲೇ ಇದ್ದಾನ, ಗುರುತು ಹಿಡೀತಾನ. ಒಳಗ ಹೋದ ಕೂಡ್ಲೆ ಮೊದಲು ಫೈಲ್ ಕಾಪಿ ಮಾಡ್ಕೋ, ಆಮ್ಯಾಲ ಬೀಗ ತಗಿ." ಫೋನಿಡುವ ಮುನ್ನ ಇನ್ನೊಂದು ಮಾತು ಹೇಳಿದ: "ಪಿನ್ ನಂಬಬ್ಯಾಡ. ಆ ಪಿನ್ನೂ ಹಳೇ ಬೋರ್ಡಿಗೇ ಅಂಟಿಕೊಂಡಿರ್ತದ."

ಡಿಸ್ಕ್ ವಾಪಸ್ ಹಾಕಿದೆ. ಲ್ಯಾಪ್‌ಟಾಪ್ ಆನ್ ಆಗಲಿಲ್ಲ.

ಬ್ಯಾಟರಿ ತೆಗೆದಿದ್ದರಿಂದ ಈಗ ಚಾರ್ಜರೊಂದೇ ಆಧಾರ. ಚಾರ್ಜರಿನ ತೂತೋ ಸಡಿಲ. ಪಿನ್ನನ್ನು ಕೆಳಗೆ ಒತ್ತಿ, ಸ್ವಲ್ಪ ಎಡಕ್ಕೆ ತಿರುಚಿ ಹಿಡಿದಾಗ ಸಣ್ಣ ಬಿಳಿ ದೀಪ ಹತ್ತಿತು. ಕೈ ಸಡಿಲಿಸಿದರೆ ಹೋಯಿತು. ಹೆಂಡತಿ ಪಿನ್ ಹಿಡಿದಳು, ನಾನು ಗುಂಡಿ ಒತ್ತಿದೆ. ಯಾರದೋ ಹೆಸರು ಬಂತು, ಕೆಳಗೆ ಪಿನ್ ಕೇಳಿತು. ಜೀವನದಲ್ಲಿ ಮೊದಲ ಸಲ ಆ ಹುಡುಗನ ಹೆಸರು ನೋಡಿ ಖುಷಿಯಾಯಿತು. ಅಪ್ಪ ನಿದ್ದೆ ಮಾಡಿರಲಿಲ್ಲ, ಬಂದು ನಿಂತರು.

ಮೊದಲು ಪೆನ್‌ಡ್ರೈವಿಗೆ ಅಪ್ಪನ ಫೋಲ್ಡರು, ಜೊತೆಗೆ ನುಡಿಯ ಫಾಂಟುಗಳು. ನಾಲ್ಕು ನಿಮಿಷದ ಕೆಲಸ. ಹದಿನಾಲ್ಕು ವರ್ಷದಲ್ಲಿ ನಾನಾಗಲಿ ಅವರಾಗಲಿ ಆ ನಾಲ್ಕು ನಿಮಿಷ ಎತ್ತಿಟ್ಟಿರಲಿಲ್ಲ. ಆಮೇಲೆ ಸೆಟ್ಟಿಂಗ್ಸಿನ ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿದೆ. ಇದು ಬೆಂಕಿಪೊಟ್ಟಣ ಆರಿಸಿದ ಹಾಗಲ್ಲ; ಡಿಸ್ಕಿನ ಮೇಲಿರುವುದನ್ನೆಲ್ಲ ಒಂದೊಂದಾಗಿ ಬಿಡಿಸಿ ಬರೆಯಬೇಕು, ಹೊತ್ತು ಹಿಡಿಯುತ್ತದೆ. ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಡಿಸ್ಕ್ ಕೆಡುವುದಿಲ್ಲ. ಆದರೆ ಈ ಲ್ಯಾಪ್‌ಟಾಪ್ ಇನ್ನೊಮ್ಮೆ ಏಳುತ್ತದೆ ಎಂಬ ನಂಬಿಕೆ ನಮಗಿರಲಿಲ್ಲ. ನಲವತ್ತು ನಿಮಿಷ ನಾವು ಮೂವರೂ ಸರದಿಯಲ್ಲಿ ಆ ಪಿನ್ ಹಿಡಿದು ಕೂತೆವು. ಅಪ್ಪನ ಸರದಿ ಎಲ್ಲರಿಗಿಂತ ಉದ್ದ.

ಅದು ಬಿಡಿಸುತ್ತಿರುವಾಗಲೇ ಇನ್ನೆರಡು ಕೆಲಸ ಮಾಡಿದೆ. ಒಂದು, ಅದೇ ವಿಂಡೋಸಿನೊಳಗೆ ಇಂಟರ್ನೆಟ್ಟಿನ ಹಂಗಿಲ್ಲದ ಲೋಕಲ್ ಖಾತೆಯೊಂದನ್ನು ತೆರೆದು, ಅಡ್ಮಿನ್ ಹಕ್ಕು ಕೊಟ್ಟು, ನೆನಪಿರುವ ಪಾಸ್‌ವರ್ಡ್ ಇಟ್ಟೆ. ಗೆಳೆಯ ಹೇಳಿದ್ದು ಇದಕ್ಕೇ. ಪಿನ್ ಎನ್ನುವುದು ಟಿಪಿಎಂ ಜೊತೆ ಕಟ್ಟಿಹಾಕಿದ ಗುಟ್ಟು, ಹೊಸ ಬೋರ್ಡಿನಲ್ಲಿ ನಡೆಯದು. ಅಲ್ಲಿ ಖಾತೆಯ ಅಸಲು ಪಾಸ್‌ವರ್ಡೇ ಬೇಕು, ಅದು ಆ ಹುಡುಗನ ಬಳಿ ಇದೆ. ಬೀಗ ತೆಗೆದರೂ ಹೊಸಿಲಲ್ಲೇ ನಿಲ್ಲುತ್ತಿದ್ದೆವು. ಎರಡು, ಮುಂದಿನ ಸಲ ಸೇಫ್ ಮೋಡಿನಲ್ಲಿ ಏಳುವಂತೆ ಎಂಎಸ್‌ಕಾನ್ಫಿಗ್‌ನಲ್ಲಿ ಗುರುತು ಹಾಕಿದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಜೊತೆ ಮಾತಾಡುವ ಡ್ರೈವರ್ ಇಂಟೆಲ್‌ನ ರೇಡ್ ಅಥವಾ ವಿಎಂಡಿ ಬಗೆಯದಾಗಿರುತ್ತದೆ, ಡೆಸ್ಕ್‌ಟಾಪಿನಲ್ಲಿ ಬೇರೆ. ವಿಂಡೋಸಿಗೆ ತನ್ನದೇ ಡಿಸ್ಕ್ ಕಾಣದೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂದು ಇನ್ನೊಂದು ನೀಲಿ ಪರದೆ ತೋರಿಸುತ್ತದೆ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದರೆ ತನ್ನ ಮೂಲ ಡ್ರೈವರುಗಳನ್ನೆಲ್ಲ ಎಬ್ಬಿಸಿಕೊಳ್ಳುತ್ತದೆ.

ಭಾನುವಾರ ಬೆಳಿಗ್ಗೆ ಡಿಸ್ಕ್ ಮತ್ತೆ ಡೆಸ್ಕ್‌ಟಾಪಿಗೆ ಬಂತು. ಈ ಸಲ ಯಾರೂ ಕೀಲಿ ಕೇಳಲಿಲ್ಲ. ಕಪ್ಪು ಪರದೆಯ ಮೂಲೆಗಳಲ್ಲಿ ಸೇಫ್ ಮೋಡ್ ಎಂದು ಬಂತು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು ಗುರುತು ತೆಗೆದೆ. ಮುಂದಿನ ಸಲ "ಗೆಟ್ಟಿಂಗ್ ಡಿವೈಸಸ್ ರೆಡಿ" ಎನ್ನುತ್ತ ಹೊಸ ಮನೆಯ ಪಾತ್ರೆಪಗಡಿ ಎಣಿಸಿಕೊಂಡು, ಎರಡು ಸಲ ತಾನೇ ಮಲಗಿ ಎದ್ದು, ಸರಿಯಾಯಿತು. ನೆಟ್‌ವರ್ಕ್ ಡ್ರೈವರ್ ಇರಲಿಲ್ಲ. ಮೊಬೈಲನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ ಹಾಕಿದರೆ ಇಂಟರ್ನೆಟ್ ಬರುತ್ತದೆ, ಉಳಿದದ್ದನ್ನು ವಿಂಡೋಸ್ ತಾನೇ ತರಿಸಿಕೊಳ್ಳುತ್ತದೆ.

ಒಂದು ಮಾತ್ರ ಬರಲಿಲ್ಲ: ಲೈಸೆನ್ಸು. ಪರದೆಯ ಕೆಳಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಎಂದು ಮಸುಕಾಗಿ ಬಂತು. ಲ್ಯಾಪ್‌ಟಾಪಿನ ಜೊತೆ ಬರುವ ವಿಂಡೋಸ್ ಓಇಎಂ ಬಗೆಯದು, ಆ ಬೋರ್ಡಿನ ಜೊತೆಗೇ ಹುಟ್ಟಿ ಅದರ ಜೊತೆಗೇ ಹೋಗುವಂಥದ್ದು. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸಾದರೆ ಬೇರೆ ಯಂತ್ರಕ್ಕೆ ಒಯ್ಯಬಹುದು. ಹೊಸದು ಕೊಂಡೆ. ಎಸ್‌ಎಸ್‌ಡಿಯಲ್ಲಿ ಉಳಿಸಿದ್ದು ಇಲ್ಲಿ ಹೋಯಿತು, ಲೆಕ್ಕ ಹಾಕುವವರು ಮೊದಲೇ ಹಾಕಿಕೊಳ್ಳಿ.

ಇನ್ನೂ ಹಳೆಯ ಲ್ಯಾಪ್‌ಟಾಪಿನ ಡಿಸ್ಕಾದರೆ ಇನ್ನೊಂದು ತೊಡಕು ಬರಬಹುದು. ವಿಂಡೋಸ್ 7ರ ಕಾಲದಲ್ಲಿ ಹಾಕಿ ಮೇಲೆ ಮೇಲೆ ಏರಿಸುತ್ತ ಬಂದದ್ದಾದರೆ ಅದು ಎಂಬಿಆರ್ ಪದ್ಧತಿಯಲ್ಲಿರಬಹುದು. ಹೊಸ ಬೋರ್ಡುಗಳಲ್ಲಿ ಹಲವು ಯುಇಎಫ್‌ಐ ಮಾತ್ರ ಬಲ್ಲವು, ಅವಕ್ಕೆ ಜಿಪಿಟಿ ಬೇಕು. ವಿಂಡೋಸಿನಲ್ಲೇ ಎಂಬಿಆರ್‌2ಜಿಪಿಟಿ ಎಂಬ ಸಾಧನ ಇದೆ; ಅದನ್ನೂ ಹಳೇ ಮನೆಯಲ್ಲಿರುವಾಗಲೇ ಮಾಡಿಕೊಂಡರೆ ಒಳ್ಳೆಯದು, ಬ್ಯಾಕಪ್ ತೆಗೆದುಕೊಂಡ ಮೇಲೆ. ಲಿನಕ್ಸಿನವರಿಗೆ ಈ ರಗಳೆ ಕಡಿಮೆ. ಅದು ಪ್ರತಿ ಸಲ ಏಳುವಾಗಲೂ ಎದುರಿಗಿರುವ ಯಂತ್ರವನ್ನು ಹೊಸದಾಗಿ ನೋಡಿ ಡ್ರೈವರು ಹಾಕಿಕೊಳ್ಳುತ್ತದೆ. ಡಿಸ್ಕಿಗೆ ಬೀಗ ಹಾಕಿದ್ದರೂ ಸಾಮಾನ್ಯವಾಗಿ ಅದರ ಗುಟ್ಟುಮಾತು ನಿಮ್ಮ ತಲೆಯಲ್ಲಿರುತ್ತದೆ.

ಕೇಳಿದವರಿಗೆಲ್ಲ ನಾನು ಈಗ ಹೇಳುವುದೇ ಬೇರೆ. ಬರೀ ಫೋಟೋ, ಪಿಡಿಎಫ್, ಆಫೀಸಿನ ಫೈಲುಗಳಿದ್ದರೆ ಡಿಸ್ಕ್ ಎತ್ತಿಡುವ ಗೋಜಿಗೆ ಹೋಗಬೇಡಿ. ಹೊಸ ಡಿಸ್ಕ್, ಹೊಸ ವಿಂಡೋಸ್, ಫೈಲ್ ಮಾತ್ರ ನಕಲು. ಇದ್ದ ವ್ಯವಸ್ಥೆಯೇ ಬೇಕು ಅನ್ನುವವರು ಮಾತ್ರ ಡಿಸ್ಕ್ ಸಾಗಿಸಿ. ಬೀಗದ ಮೇಲೂ ನನಗೆ ಸಿಟ್ಟಿಲ್ಲ. ಲ್ಯಾಪ್‌ಟಾಪನ್ನು ರೈಲಿನಲ್ಲಿ ಯಾರಾದರೂ ಹೊತ್ತುಕೊಂಡು ಹೋದರೆ ನಿಮ್ಮ ಬ್ಯಾಂಕಿನ ಕಾಗದಪತ್ರ ಅವರ ಕೈಗೆ ಸಿಗದಂತೆ ಕಾಯುವುದು ಅದೇ. ಸಿಟ್ಟು ನನ್ನ ಮೇಲೆ: ಅಪ್ಪನ ಯಂತ್ರ ಯಾರ ಹೆಸರಿನಲ್ಲಿದೆ ಎಂದು ಮೂರು ವರ್ಷದಲ್ಲಿ ಒಂದು ಸಲವೂ ನೋಡಲಿಲ್ಲ. ಊರಲ್ಲಿ ನಿಮ್ಮ ಅಪ್ಪ-ಅಮ್ಮ ಬಳಸುವ ಲ್ಯಾಪ್‌ಟಾಪ್ ಇದ್ದರೆ ಈ ಹಬ್ಬಕ್ಕೆ ಹೋದಾಗ ಒಮ್ಮೆ ನೋಡಿ ಬನ್ನಿ. ಹೊಲದ ಪಹಣಿ ನೋಡುವುದಿಲ್ಲವೇ, ಹಾಗೆ.

ಅಪ್ಪನಿಗೆ ಅವರದೇ ಹೆಸರಿನ ಇಮೇಲು, ಅವರದೇ ಖಾತೆ ಆಯಿತು. ಡೆಸ್ಕ್‌ಟಾಪಿಗೂ ಬೀಗ ಹಾಕಿ, 48 ಅಂಕಿಯನ್ನು ಕಾಗದದ ಮೇಲೆ ಬರೆಸಿದೆ. ಮೇಷ್ಟ್ರ ಕೈಬರಹ, ಆರಾರಕ್ಕೊಂದು ಗೆರೆ. ಅದು ಅಲಮಾರಿಯಲ್ಲಿ, ಎಲ್‌ಐಸಿ ಬಾಂಡಿನ ಕೆಳಗಿದೆ.

ನುಡಿ ತೆರೆಯಿತು. ಅಪ್ಪ ಕುರ್ಚಿ ಎಳೆದುಕೊಂಡು ಒಂದೊಂದೇ ಫೈಲ್ ನೋಡಿದರು. ಮಿಣಿ ಇತ್ತು, ಕೂರಿಗಿ ಇತ್ತು. ನಲವತ್ತೊಂದರಲ್ಲಿ ಮೂರು ಫೈಲುಗಳು ಮಾತ್ರ ಟೋಪಿ-ಬಾಲದ ಕಸವಾಗಿಯೇ ಕಂಡವು. ಗಾಬರಿಯಾದೆ. ಅಪ್ಪ ನಕ್ಕರು. ಅವು ಮೊದಮೊದಲು ಬರಹ ತಂತ್ರಾಂಶದಲ್ಲಿ ಒತ್ತಿದ್ದಂತೆ, ಆ ಫಾಂಟು ಲ್ಯಾಪ್‌ಟಾಪಿಗೆ ಬಂದೇ ಇರಲಿಲ್ಲವಂತೆ. ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸುವ ಕೆಲಸ ಶುರುವಾಗಿದೆ. ಪರಿವರ್ತಕ ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತದೆ, ಅಪ್ಪ ಕೆಂಪು ಮಸಿಯಲ್ಲಿ ತಿದ್ದಿದಂತೆ ಪರದೆಯ ಮೇಲೆ ತಿದ್ದುತ್ತಾರೆ. ನಿನ್ನೆಯವರೆಗೆ ಆರುನೂರು ಆಗಿತ್ತು.